ಪ್ರೇಮಕುಮಾರಿಯ ಆರನೆಯ ಅಡಿಕೆ

ಕಳಸದ ಪ್ರೇಮಕುಮಾರಿ ಯಾರಿಗೂ ಏನನ್ನೂ ಬಿಟ್ಟುಕೊಡುವ ಹೆಂಗಸಲ್ಲ. ಇದು ಚಾಡಿಯಲ್ಲ. ಊರಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಅವಳನ್ನೇ ಕೇಳಿದರೂ ಹೇಳುತ್ತಾಳೆ.

ಬಸ್ ಸ್ಟ್ಯಾಂಡಿನಿಂದ ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಅವಳದು ಕಾಫಿ, ಮೆಣಸು, ಅಡಿಕೆ ಕೊಳ್ಳುವ ಅಂಗಡಿ. ಬೆಳೆಗಾರರು ತಂದ ಮೂಟೆಗೆ ಮೊನೆಯುಳ್ಳ ಕಬ್ಬಿಣದ ಕೊಳವೆಯನ್ನು ಚುಚ್ಚಿ, ಒಳಗಿನಿಂದ ಹಿಡಿ ಬೀಜ ತೆಗೆದು, ಒಂದನ್ನು ಹಲ್ಲಿನಲ್ಲಿ ಕಡಿದು ನೋಡುತ್ತಾಳೆ. ಹಲ್ಲು ಒಳಗಿಳಿದರೆ ಬೀಜ ಒಣಗಿಲ್ಲ ಎಂದು ತೂಕದಲ್ಲಿ ಕಡಿತ. ಕಡಿತದ ವಿಷಯದಲ್ಲಿ ಅವಳ ಜೊತೆ ಜಗಳವಾಡಿ ಗೆದ್ದವರಿಲ್ಲ. ಮೂಟೆಯ ಬಾಯಿ ಹೊಲಿದ ದಾರವನ್ನೂ ಅವಳು ವಾಪಸು ಕೊಡುವುದಿಲ್ಲ. ಅದನ್ನು ಉಂಡೆ ಸುತ್ತಿಟ್ಟುಕೊಂಡು ಮರುವರ್ಷದ ಮೂಟೆಗಳಿಗೆ ಬಳಸುತ್ತಾಳೆ. ನನ್ನ ತೋಟದ ಮೆಣಸನ್ನೂ ಅವಳೇ ಕೊಳ್ಳುವುದು. ಒಮ್ಮೆ ಕಡ್ಡಿ ಜಾಸ್ತಿ ಇದೆಯೆಂದು ತೂಕ ಕಳೆದಳು. ಕಡ್ಡಿಗೆ ಎಷ್ಟು ತೂಕವಿರುತ್ತದೆ ಎಂದು ಕೇಳಿದೆ.

"ಮೇಡಂ, ಮೂವತ್ತು ವರ್ಷ ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡಿದ್ದು ನೀವು. ಕಡ್ಡಿಗೂ ತೂಕ ಉಂಟು ಅಂತ ನಾನು ಹೇಳ್ಬೇಕಾ?"

ಅವಳು ಗುರಿ ಹೊಡೆಯುವುದಕ್ಕೆ ಬಂದದ್ದೂ ಇದೇ ಸ್ವಭಾವದಿಂದಲೇ. ಆಯುಧಪೂಜೆಯ ಹೊತ್ತಿಗೆ ನಮ್ಮ ಕಡೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಡುತ್ತಾರೆ. ಹೊಡೆದವರಿಗೆ ಕಾಯಿ. ಮೂಡಿಗೆರೆಯ ಹತ್ತಿರ ನಮ್ಮ ರೈಫಲ್ ಕ್ಲಬ್ಬು ಇಟ್ಟಿದ್ದ ಅಂಥ ಒಂದು ಸ್ಪರ್ಧೆಗೆ, ಮೆಣಸಿನ ವ್ಯಾಪಾರಕ್ಕೆಂದು ಆ ಕಡೆ ಬಂದಿದ್ದ ಪ್ರೇಮಕುಮಾರಿಯೂ ಹೋಗಿ, ಕ್ಲಬ್ಬಿನ ಕೋವಿ ಹಿಡಿದು ಮೊದಲ ಗುಂಡಿಗೇ ಕಾಯಿ ಒಡೆದಳು. ಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಮತ್ತೆ ಸಾಲಿನಲ್ಲಿ ನಿಂತಳು. ಚೀಲ ತುಂಬುತ್ತ ಬಂದಾಗ ನಡೆಸುವವರು ಕೈ ಮುಗಿದು, "ಸಾಕು ಮಾರಾಯ್ತಿ, ಬೇರೆಯವರಿಗೂ ಇರಲಿ" ಎಂದರು. ಆವತ್ತೇ ಅವಳು ಕ್ಲಬ್ಬಿಗೆ ಸೇರಿದಳು.

ಕ್ಲಬ್ಬಿನಲ್ಲಿ ಅಂಕ ಬರೆಯುವ ಕೆಲಸ ನನ್ನದು. ಐವತ್ತು ಮೀಟರ್ ದೂರದ ಕಾಗದದ ಕಾರ್ಡಿನಲ್ಲಿ ಒಂದರೊಳಗೊಂದು ವೃತ್ತಗಳು; ನಡುವಿನ ಚುಕ್ಕೆಗೆ ಹತ್ತು, ಹೊರಗೆ ಹೋದಂತೆ ಒಂಬತ್ತು, ಎಂಟು. ತೂತು ಒಳಗಿನ ಗೆರೆಯನ್ನು ಮುಟ್ಟಿದ್ದರೂ ಹೆಚ್ಚಿನ ಅಂಕ ಕೊಡಬೇಕೆಂದು ನಿಯಮ. ಈ ನಿಯಮವನ್ನು ಪ್ರೇಮಕುಮಾರಿಯಷ್ಟು ಚೆನ್ನಾಗಿ ಬಳಸಿಕೊಂಡವರಿಲ್ಲ. ಕಾಫಿ ಬೀಜದ ಹುಳುಕು ನೋಡುವ ಭೂತಗನ್ನಡಿಯನ್ನು ಕೋಟಿನ ಜೇಬಿನಿಂದ ತೆಗೆದು, ನನ್ನ ಮೇಜಿನ ಮೇಲೆ ಬಗ್ಗಿ, ಒಂದೊಂದು ತೂತಿಗೂ ವಾದಿಸುವಳು. "ಮುಟ್ಟಿದೆ ಮೇಡಂ, ನೋಡಿ, ಕೂದಲೆಳೆ ಮುಟ್ಟಿದೆ. ಮುಟ್ಟಿದ್ರೆ ಮುಟ್ಟಿದ್ದೇ." ಬಹಳ ಸಲ ಅವಳು ಹೇಳಿದ್ದು ಸರಿಯೇ ಇರುತ್ತಿತ್ತು. ಆದರೆ ಇನ್ನೊಬ್ಬರ ಕಾರ್ಡಿನ ತೂತಿಗಾಗಿ ಅವಳು ಒಂದು ಸಲವೂ ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಒಂದೇ. ಪ್ರತಿ ಜನವರಿಯಲ್ಲಿ ನಮ್ಮ ಕ್ಲಬ್ಬಿನಲ್ಲಿ ಆಯ್ಕೆಯ ಪಂದ್ಯ ನಡೆದು ನಾಲ್ವರು ರಾಜ್ಯದ ಪಂದ್ಯಕ್ಕೆ ಹೋಗುತ್ತಾರೆ. ಆ ನಾಲ್ವರಲ್ಲಿ ಒಬ್ಬಳಾಗಬೇಕು. ಎರಡು ವರ್ಷ ಕ್ಲಬ್ಬಿನ ಕೋವಿಯಲ್ಲಿ ಹೊಡೆದು ಎರಡು ವರ್ಷವೂ ಐದನೆಯವಳಾದಳು. ಎರಡನೆಯ ಸಲ ನಾಲ್ಕನೆಯ ಜಾಗ ಹೋದದ್ದು ಅಜಿತ್‌ಗೆ. ಅಜಿತ್ ಕಳಸದ ಕಡೆಯ ಅಡಿಕೆ ತೋಟದವರ ಹುಡುಗ, ಇಪ್ಪತ್ತಾರು ವರ್ಷ, ಮಾತು ಮೃದು, ಕೈಯಲ್ಲಿ ವಿದೇಶದ ಹೊಸ ರೈಫಲ್ಲು. ಅವನ ದೊಡ್ಡಪ್ಪ ಸುಬ್ಬಯ್ಯನವರು ಕ್ಲಬ್ಬಿನ ಉಪಾಧ್ಯಕ್ಷರು, ಪ್ರೇಮಕುಮಾರಿಯ ಅಂಗಡಿಗೆ ಕಾಫಿ ಹಾಕುವವರು, ಕಡಿತಕ್ಕೆ ಸಿಕ್ಕಿ ಬೆಂದವರು. ಆವತ್ತು ಎಲ್ಲರ ಎದುರಿಗೆ ಹೇಳಿದರು: "ಪ್ರೇಮಾ, ನಿನ್ನ ಕೈಲಿರೋ ಕೋವಿ ಮಂಗ ಓಡಿಸಕ್ಕೆ ಸಾಕು."

"ಮಂಗಗಳೇ ಅಲ್ವಾ ಸುಬ್ಬಯ್ಯನೋರೆ, ಪ್ರತಿ ವರ್ಷ ತಂಡದಲ್ಲಿ ಹೋಗ್ತಿರೋದು?"

ಸುಬ್ಬಯ್ಯನವರ ಮುಖ ಕೆಂಪಾಯಿತು. ಅಜಿತ್ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕ. ಪ್ರೇಮಕುಮಾರಿ ಸ್ವಂತ ರೈಫಲ್ಲಿಗೆ ಲೈಸೆನ್ಸ್ ಅರ್ಜಿ ಹಾಕಿದಳು. ಲೈಸೆನ್ಸ್ ಕೈಗೆ ಬಂದ ದಿನವೇ ನನಗೆ ಫೋನ್ ಮಾಡಿದಳು. "ಮೇಡಂ, ನಾಳೆ ಚಿಕ್ಕಮಗಳೂರಿಗೆ ಹೋಗಣ. ನೀವೂ ಬನ್ನಿ, ಗಾಡಿ ಬಾಡಿಗೆ ನನ್ನದು." ಬಾಡಿಗೆಯ ಮಾತು ಕೇಳಿ ಇದು ಸಣ್ಣ ವಿಷಯವಲ್ಲವೆಂದು ನನಗೆ ಗೊತ್ತಾಯಿತು. ಗಾಡಿ ಅವಳದೇ ಪಿಕಪ್ಪು, ಓಡಿಸುವವನು ಅವಳದೇ ಡ್ರೈವರ್ ರವಿ ಎಂಬುದು ಬೇರೆ ಮಾತು.

ಇಲ್ಲಿ ಒಂದು ವಿಷಯ ಹೇಳಬೇಕು. ರೈಫಲ್ಲಿನ ನಳಿಗೆಯ ಒಳಮೈ ನುಣುಪಾಗಿರುವುದಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಬಳ್ಳಿಯಂತೆ ತಿರುಚಿಕೊಂಡು ಹೋಗುವ ಗೀರುಗಳಿರುತ್ತವೆ. ಸೀಸದ ಗುಂಡು ಆ ಗೀರುಗಳನ್ನು ಕಚ್ಚಿಕೊಂಡು ಹೊರಡುವುದರಿಂದ ಬುಗುರಿಯಂತೆ ಸುತ್ತುತ್ತ ಹೋಗುತ್ತದೆ. ಸುತ್ತುವ ವಸ್ತು ತಾನು ಹಿಡಿದ ದಿಕ್ಕನ್ನು ಸುಲಭವಾಗಿ ಬಿಡುವುದಿಲ್ಲ. ಗುರಿಯ ಕೋವಿಯ ಯೋಗ್ಯತೆ ಇರುವುದು ಈ ಗೀರುಗಳಲ್ಲಿ. ಹಿಡಿಯ ಮರದ ಹೊಳಪಿಗಾಗಲಿ, ಮೇಲೆ ಕೆತ್ತಿದ ದೂರದೇಶದ ಹೆಸರಿಗಾಗಲಿ ಗುಂಡು ಮರ್ಯಾದೆ ಕೊಡುವುದಿಲ್ಲ.

ಚಿಕ್ಕಮಗಳೂರಿನಲ್ಲಿ ಕೋವಿ ಮಾರುವ ಪ್ರಸಾದ್ ಮೊದಲು ತೆಗೆದಿಟ್ಟದ್ದು ಹೊಳೆಯುವ ಒಂದು ವಿದೇಶಿ ಪಾಯಿಂಟ್ ಟೂಟೂ ರೈಫಲ್ಲು. ಯಾರೋ ಕೊಟ್ಟು ಹೋದದ್ದು, ಆದರೆ ಹೊಸದರಂತಿತ್ತು.

"ಹಿಡಿದು ನೋಡಿ ಅಕ್ಕಾ, ಬೆಣ್ಣೆ!"

"ಬೆಣ್ಣೆ ತಗಳಕ್ಕೆ ಬಂದಿಲ್ಲ ಪ್ರಸಾದ. ಬೋಲ್ಟ್ ತೆಗಿ."

ನಳಿಗೆಯ ಹಿಂಬದಿ ಮುಚ್ಚುವ ಆ ಉಕ್ಕಿನ ತುಂಡನ್ನು ಪ್ರಸಾದ್ ಹೊರಗೆಳೆದ. ಅವಳು ಚೀಲದಿಂದ ಒಂದು ಹಿತ್ತಾಳೆ ಸರಳು ತೆಗೆದಳು. ಆಮೇಲೆ ಮೀನಿನ ಗಾಳಕ್ಕೆ ಕಟ್ಟುವ ಸೀಸವನ್ನು ಕುಟ್ಟಿ ಮಾಡಿದ, ನಳಿಗೆಗಿಂತ ಕೂದಲಷ್ಟು ದಪ್ಪವಾದ ಸಣ್ಣ ಉಂಡೆಗಳನ್ನು ತೆಗೆದಳು. ಒಂದನ್ನು ನಳಿಗೆಯ ಹಿಂಬದಿಗೆ ಇಟ್ಟು ಸರಳಿನಿಂದ ಒಳಗೆ ತಳ್ಳಲು ಶುರುಮಾಡಿದಳು.

ಪ್ರಸಾದ್ ಗಾಬರಿಯಿಂದ ಎದ್ದುನಿಂತ. "ಎಂತ ಮಾಡ್ತಿದೀರಿ ಅಕ್ಕಾ! ಬ್ಯಾರಲ್ಲಿಗೆ ಸೀಸ ತುರುಕ್ತಾರಾ?"

"ಮೂಟೆಗೆ ಕೊಳವೆ ಚುಚ್ಚುವಾಗ ಬೆಳೆಗಾರರೂ ಹೀಗೇ ಕೂಗದು. ಸುಮ್ನಿರು."

ಕಣ್ಣು ಮುಚ್ಚಿಕೊಂಡು ತಳ್ಳಿದಳು. ಸರಳು ನಿಧಾನವಾಗಿ, ಒಂದೇ ಬಿಗಿಯಲ್ಲಿ ಒಳಗೆ ಹೋಯಿತು. ಅರ್ಧ ದಾಟಿತು, ಮುಕ್ಕಾಲು ದಾಟಿತು. ಕೊನೆಯ ಗೇಣಿನಲ್ಲಿ ಸರಳು ತಟಕ್ಕನೆ ಜಾರಿ, ಸೀಸದ ಉಂಡೆ ಟಣ್ಣೆಂದು ಅಂಗಡಿಯ ಗಾಜಿನ ಮೇಜಿನ ಮೇಲೆ ಬಿತ್ತು.

"ಬಾಯಿ ಸಡಿಲ," ಎಂದಳು. "ಯಾರೋ ಪುಣ್ಯಾತ್ಮ ಕಬ್ಬಿಣದ ಸರಳು ಹಾಕಿ ಮುಂದಿನಿಂದ ಉಜ್ಜಿ ಉಜ್ಜಿ ಕ್ಲೀನ್ ಮಾಡಿದಾನೆ. ಗುಂಡು ಹೊರಗೆ ಹೋಗೋ ಜಾಗದಲ್ಲೇ ಗೀರು ಸವೆದಿದೆ. ಇದನ್ನ ಗೋಡೆಗೆ ನೇತುಹಾಕು, ಚೆಂದ ಕಾಣ್ತದೆ."

ಎರಡನೆಯದು ನಡುವೆ ಸಡಿಲ. ಪ್ರಸಾದನಿಗೆ ಬೆವರು. ಆಗ ಅವಳ ಕಣ್ಣು ಮೂಲೆಯಲ್ಲಿ ಛತ್ರಿಗಳ ಜೊತೆ ನಿಂತಿದ್ದ ಒಂದು ಹಳೆಯ ದೇಶಿ ರೈಫಲ್ಲಿನ ಮೇಲೆ ಬಿತ್ತು. ಅದರ ಮರದ ಹಿಡಿಗೆ ಯಾರೋ ಬಾಗಿಲಿಗೆ ಬಳಿಯುವ ಕಂದು ಪೇಂಟ್ ಬಳಿದಿದ್ದರು.

"ಅದು ಬೇಡ ಅಕ್ಕಾ. ಅದನ್ನ ತಗೊಂಡು ಹೋದ್ರೆ ನಾಳೆ ನನ್ನ ಮರ್ಯಾದೆ ಹೋಗತ್ತೆ."

"ತೆಗಿ."

ಸೀಸ ಒಳಗೆ ಹೋಯಿತು. ಅವಳು ಬಾಯಿಯೊಳಗೇ ಹೇಳಿಕೊಳ್ಳುತ್ತಿದ್ದಳು: "ಒಂದೇ ಬಿಗಿ... ಒಂದೇ ಬಿಗಿ..." ಮುಕ್ಕಾಲು ದಾಟಿತು. ಕೊನೆಯ ಗೇಣು ಬಂತು. ಸರಳು ಜಾರಲಿಲ್ಲ. ಜಾರುವ ಬದಲು ತುಸು ಹೆಚ್ಚೇ ಬಿಗಿಯಾಯಿತು. ಕಣ್ಣು ತೆರೆದ ಪ್ರೇಮಕುಮಾರಿಯ ಮುಖ ಜ್ವರ ಬಂದವರಂತೆ ಕೆಂಪಾಗಿತ್ತು.

"ಮೇಡಂ, ನೀವು ಹಿಡೀರಿ. ನೀವೇ ತಳ್ಳಿ ನೋಡಿ!"

ಹೊಸ ಉಂಡೆಯಿಟ್ಟು ನಾನೂ ತಳ್ಳಿದೆ. ಪ್ರಯೋಗಶಾಲೆಯಲ್ಲಿ ಜೀವಮಾನ ಕಳೆದವಳು ನಾನು, ಇಷ್ಟು ಸಮನಾದ ಒಂದು ತಡೆಯನ್ನು ಕೈಯಲ್ಲಿ ಅನುಭವಿಸಿದ್ದು ಕಡಿಮೆ. ಎಲ್ಲಿಯೂ ಏರಿಕೆಯಿಲ್ಲ, ಇಳಿತವಿಲ್ಲ, ತುದಿಯಲ್ಲಿ ಮಾತ್ರ ಬಿಗಿಯಾದ ಹಿಡಿತ. ಹೊರಬಿದ್ದ ಸೀಸವನ್ನು ಭೂತಗನ್ನಡಿಯಲ್ಲಿ ನೋಡಿದೆವು. ಆರು ಗೀರು, ಆರೂ ಒಂದೇ ಅಗಲ, ಅಂಚು ಚಾಕುವಿನಲ್ಲಿ ಕೊಯ್ದಂತೆ ಚೂಪು. ಬಾಗಿಲ ಪೇಂಟಿನ ಕೆಳಗೆ ಇಂಥ ನಳಿಗೆ! ಪ್ರೇಮಕುಮಾರಿ ನನ್ನ ತೋಳು ಹಿಂಡಿದಳು, ಗುರುತು ಎರಡು ದಿನ ಇತ್ತು. ಆದರೆ ಪ್ರಸಾದನ ಕಡೆ ತಿರುಗಿದಾಗ ಮುಖ ಸಾವಿನ ಮನೆಗೆ ಬಂದವಳಂತಿತ್ತು.

"ಮರ ಬಿರುಕು ಬಿಟ್ಟಿದೆ. ಬಣ್ಣ ನೋಡಕ್ಕಾಗಲ್ಲ. ಎಂತ ಹೇಳ್ತೀಯ?"

ಚೌಕಾಸಿ ಊಟದ ಹೊತ್ತಿನವರೆಗೆ ನಡೆಯಿತು. ಕೊನೆಗೆ ಪ್ರಸಾದ್, "ಅಕ್ಕಾ, ನೀವು ಹೇಳಿದ್ದಕ್ಕೇ ತಗೊಂಡು ಹೋಗಿ, ನನ್ನ ಜೀವ ಬಿಡಿ" ಎಂದ. ಅವಳು ಕೋವಿಯ ಜೊತೆಗೆ ಅದನ್ನು ಹಾಕಿಡುವ ಚೀಲವನ್ನೂ ಬಿಟ್ಟಿಯಾಗಿ ಇಸಿಕೊಂಡಳು.

ಆಮೇಲೆ ತೋಟೆಗಳ, ಎಂದರೆ ಗುಂಡು ಮದ್ದು ತುಂಬಿದ ಕಾಟ್ರಿಜ್ಜುಗಳ, ಪರೀಕ್ಷೆ. ಒಂದೊಂದು ನಳಿಗೆಗೆ ಒಂದೊಂದು ಬಗೆಯ ತೋಟೆ ಒಗ್ಗುತ್ತದೆ, ಯಾವುದೆಂದು ಹೊಡೆದೇ ನೋಡಬೇಕು. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುವ ದಾರಿಯ ಒಂದು ಪಾಳು ಕಲ್ಲುಕ್ವಾರಿಯೇ ನಮ್ಮ ಕ್ಲಬ್ಬಿನ ಗುರಿಯ ಜಾಗ. ಅಲ್ಲಿ ಭಾನುವಾರಗಳಲ್ಲಿ ರವಿ ಕಾರ್ಡ್ ನೆಡುವುದು, ಇವಳು ಹೊಡೆಯುವುದು. ಎಲ್ಲಕ್ಕಿಂತ ದುಬಾರಿ ತೋಟೆ ಅಂಗೈ ಅಗಲ ಚೆದುರಿತು. ಮಧ್ಯದ ಬೆಲೆಯದೂ ಅಷ್ಟಕ್ಕಷ್ಟೆ. ಕೊನೆಗೆ ಯಾರೂ ಕೊಳ್ಳದ, ಅಗ್ಗದ, ನಿಧಾನ ವೇಗದ ಒಂದು ತೋಟೆ ಹಾಕಿ ಐದು ಗುಂಡು ಹೊಡೆದಳು. ದುರ್ಬೀನಿನಲ್ಲಿ ನೋಡಿದರೆ ಕಾರ್ಡಿನಲ್ಲಿ ಒಂದೇ ತೂತು ಕಾಣುತ್ತಿತ್ತು.

"ಬಾಕಿ ನಾಲ್ಕು ಎಲ್ಲಿಗೆ ಹೋದ್ವು ಅಕ್ಕಾ?" ಎಂದ ರವಿ.

ಅವಳು ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಓಡಿದಳು. ಐದೂ ಗುಂಡು ಒಂದರ ಮೈಮೇಲೊಂದು ಹೋಗಿದ್ದವು. ಐದು ರೂಪಾಯಿ ನಾಣ್ಯ ಇಟ್ಟರೆ ಎಲ್ಲ ಮುಚ್ಚಿಹೋಗುತ್ತಿತ್ತು. ರವಿ ಕುಣಿದ. ಅವಳು ಕಾರ್ಡನ್ನು ಎದೆಗೆ ಹಿಡಿದುಕೊಂಡು, ಮರುಕ್ಷಣ, "ಆ ತೋಟೆ ಪ್ರಸಾದನ ಹತ್ರ ಎಷ್ಟಿದೆಯೋ ಅಷ್ಟೂ ತಗೊಂಡ್ಬಿಡಬೇಕು, ಬೇರೆಯವರಿಗೆ ಸುದ್ದಿ ಹೋಗೋ ಮೊದ್ಲು" ಎಂದಳು. ಹಾಗೆಯೇ ಮಾಡಿದಳು, ಲೈಸೆನ್ಸಿನಲ್ಲಿ ಎಷ್ಟಕ್ಕೆ ಅವಕಾಶವಿತ್ತೋ ಅಷ್ಟನ್ನೂ.

ಜನವರಿಯ ಆಯ್ಕೆ ಪಂದ್ಯದ ದಿನ ಕ್ವಾರಿಯಲ್ಲಿ ಮೈ ಕೊರೆಯುವ ಚಳಿ. ಮಂಜು ಇನ್ನೂ ಕಲ್ಲಿನ ಗೋಡೆಗೆ ಅಂಟಿಕೊಂಡಿತ್ತು. ಹತ್ತು ಹತ್ತು ಗುಂಡಿನ ಎರಡು ಕಾರ್ಡು, ಒಟ್ಟು ಇನ್ನೂರು ಅಂಕ. ಪ್ರೇಮಕುಮಾರಿ ಚೂಡಿದಾರದ ಮೇಲೆ ಅಂಗಡಿಯ ಖಾಕಿ ಕೋಟು ಹಾಕಿ, ತಲೆಗೆ ಮಫ್ಲರ್ ಸುತ್ತಿ, ಗೋಣಿಚೀಲದ ಮೇಲೆ ಮಲಗಿ ಗುರಿ ಹಿಡಿದಳು. ಪಕ್ಕದಲ್ಲಿ ಅಜಿತ್ ತನ್ನ ಹೊಳೆಯುವ ರೈಫಲ್ಲಿನೊಡನೆ.

ಮೊದಲ ಕಾರ್ಡು ಬಂತು. ಅಜಿತ್‌ಗೆ ತೊಂಬತ್ತೈದು. ಪ್ರೇಮಕುಮಾರಿಗೆ ಎಂಬತ್ತೊಂಬತ್ತು.

ಸುಬ್ಬಯ್ಯನವರು ಟೀ ಹೀರುತ್ತ ಗಟ್ಟಿಯಾಗಿ ಹೇಳಿದರು: "ನಾನು ಹೇಳ್ಲಿಲ್ವಾ? ಬಾಗಿಲಿನ ಪೇಂಟು ಬಳಿದ ಕೋವಿ. ಬಾಗಿಲಿಗೇ ಜೋಡಿಸಬೇಕಿತ್ತು."

ಪ್ರೇಮಕುಮಾರಿ ನನ್ನ ಮೇಜಿನ ಮೇಲೆ ಬಗ್ಗಿ ಕಾರ್ಡನ್ನೇ ನೋಡುತ್ತಿದ್ದಳು. ಈ ಸಲ ಅಂಕಕ್ಕಾಗಿ ವಾದಿಸಲಿಲ್ಲ, ಇದು ಹೊಸದು.

"ಮೇಡಂ, ನೋಡಿ. ಅಗಲ ಇಲ್ಲ. ಉದ್ದ ಇದೆ."

ನೋಡಿದೆ. ಹತ್ತು ತೂತುಗಳೂ ಒಂದರ ಕೆಳಗೊಂದು, ನೇತುಬಿಟ್ಟ ದಾರದಂತೆ ನಿಂತಿದ್ದವು. ಎಡಕ್ಕೆ ಬಲಕ್ಕೆ ಚೆದುರಿರಲಿಲ್ಲ.

"ಬ್ಯಾರಲ್ ಕೆಟ್ಟಿದ್ರೆ ಸುತ್ತಲೂ ಚೆದುರಬೇಕಿತ್ತು," ಎಂದಳು. ಅವಳ ಮಾತು ವೇಗವಾಗುತ್ತಿತ್ತು. "ಇದು ಮೇಲೆ ಕೆಳಗೆ ಮಾತ್ರ. ಅಂದ್ರೆ ಒಂದು ಗುಂಡು ಜೋರು, ಒಂದು ಗುಂಡು ನಿಧಾನ. ಒಂದೇ ಡಬ್ಬಿ ತೋಟೆ! ನಿನ್ನೆವರೆಗೂ ಸರಿ ಇತ್ತು!"

"ಬೆಂಕಿ ಸಮನಾಗಿ ಹೊತ್ತುತ್ತಿಲ್ಲ," ಎಂದೆ ನಾನು. ಈ ಸಣ್ಣ ತೋಟೆಗಳ ಕಿಡಿಮದ್ದು ಇರುವುದು ಹಿಂಬದಿಯ ಅಂಚಿನಲ್ಲಿ. ಬೋಲ್ಟಿನೊಳಗಿನ ಪಿನ್ನು ಬಂದು ಆ ಅಂಚನ್ನು ಬಲವಾಗಿ ಬಡಿಯಬೇಕು. ಪಿನ್ನು ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ಬಡಿದರೆ ಗುಂಡಿನ ವೇಗವೂ ಹಾಗೆಯೇ.

ನನ್ನ ಮಾತು ಮುಗಿಯುವ ಮೊದಲೇ ಅವಳು ಬೋಲ್ಟ್ ಕಳಚಿದ್ದಳು. ಪಿನ್ನಿನ ಸಂದಿಗೆ ಉಗುರು ಹಾಕಿ ಕೆರೆದಳು. ಉಗುರಿಗೆ ಬೆಳ್ಳಗೆ ಮೇಣದಂಥದ್ದು ಬಂತು. ಮೂಗಿಗೆ ಹಿಡಿದಳು. ಆಮೇಲೆ ಹಣೆಗೆ ಫಟ್ಟೆಂದು ಹೊಡೆದುಕೊಂಡಳು.

"ಅಯ್ಯೋ ಮಾರಾಯ್ರೆ! ತಲೆಗೆ ಹಾಕೋ ಎಣ್ಣೆ!"

ಹಿಂದಿನ ಸಂಜೆ ಕೋವಿಗೆ ಹಾಕಲು ಹೋದರೆ ಹೊಲಿಗೆ ಮಿಷನ್ನಿನ ಎಣ್ಣೆ ಮುಗಿದಿತ್ತು. ಹೊಸ ಬಾಟಲಿ ತರುವ ಬದಲು ಮನೆಯಲ್ಲಿದ್ದ ಕೊಬ್ಬರಿ ಎಣ್ಣೆ ಬಿಟ್ಟಿದ್ದಳು. ಜನವರಿಯಲ್ಲಿ ನಮ್ಮ ಬೆಟ್ಟಗಳಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಸ್ನಾನಕ್ಕೆ ಮೊದಲು ಬಾಟಲಿಯನ್ನು ಬಿಸಿಲಿಗೋ ಒಲೆಯ ಪಕ್ಕಕ್ಕೋ ಇಡದ ಮನೆ ಇಲ್ಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿರುವ ಈ ವಿಷಯ ಕೋವಿಯ ಹತ್ತಿರ ಬಂದಾಗ ಅವಳಿಗೆ ಹೊಳೆದಿರಲಿಲ್ಲ. ಕ್ವಾರಿಯ ಚಳಿಗೆ ಎಣ್ಣೆ ಬೋಲ್ಟಿನೊಳಗೆ ಗಟ್ಟಿಯಾಗಿ ಪಿನ್ನಿನ ಕಾಲು ಹಿಡಿದುಕೊಂಡಿತ್ತು.

"ರವೀ! ಪೆಟ್ರೋಲ್ ತಗೊಂಬಾ!"

"ಪಿಕಪ್ ಡೀಸೆಲ್ ಅಕ್ಕಾ!"

"ಯಾರದಾದ್ರೂ ಬೈಕಿಂದ ತೆಗಿ ಮಾರಾಯ, ಕೇಳ್ತಾ ನಿಂತ್ಕೋಬೇಡ!"

ರವಿ ಯಾರ ಬೈಕಿನಿಂದಲೋ ಟೀ ಲೋಟದಲ್ಲಿ ಪೆಟ್ರೋಲ್ ಹಿಡಿದು ಓಡಿಬಂದ. ಬೈಕಿನ ಯಜಮಾನ ಹಿಂದೆಯೇ ಬೈಯುತ್ತ ಬಂದ. ಅವಳು ಬೋಲ್ಟನ್ನು ಲೋಟದಲ್ಲಿ ಅದ್ದಿ, ಅಲ್ಲಾಡಿಸಿ, ಮಫ್ಲರಿನ ತುದಿಯಿಂದ ಒರೆಸಿ, ಊದಿ, ಗಾಳಿಗೆ ಹಿಡಿದು ಒಣಗಿಸಿದಳು. ಟೀ ವಿರಾಮ ಮುಗಿಯುತ್ತಿತ್ತು. ಕೊನೆಗೆ ಬೋಲ್ಟನ್ನು ಕೋಟಿನೊಳಗೆ ಕಂಕುಳಲ್ಲಿ ಒತ್ತಿ ಹಿಡಿದು ಬೆಚ್ಚಗೆ ಮಾಡಿಕೊಂಡೇ ತನ್ನ ಜಾಗಕ್ಕೆ ನಡೆದಳು. ಅಜಿತ್ ನೋಡುತ್ತಿದ್ದವನು ಕೇಳಿದ:

"ಪ್ರೇಮಕ್ಕ, ಕೋವಿಗೆ ಎಣ್ಣೆಸ್ನಾನ ಆಯ್ತಾ?"

"ಆಯ್ತು. ಇನ್ನು ನಿನಗೆ ಮಾಡಿಸ್ತೀನಿ, ಮಲಗು."

ಎರಡನೆಯ ಕಾರ್ಡು. ಮೊದಲ ಗುಂಡು ಹೊರಟ ಸದ್ದಿನಲ್ಲೇ ಬೇರೆ ಸಿಡಿತವಿತ್ತು. ದುರ್ಬೀನಿನಲ್ಲಿ ನೋಡಿದೆ: ನಟ್ಟನಡುವೆ. ಎರಡನೆಯದು ಅದರ ಪಕ್ಕದಲ್ಲೇ. ಮೂರು, ನಾಲ್ಕು, ಐದು, ಎಲ್ಲವೂ ಚುಕ್ಕೆಯ ಒಳಗೆ. ಈ ಹೊತ್ತಿಗೆ ಬಿಸಿಲು ಏರಿ ಕಣಿವೆಯಿಂದ ಗಾಳಿ ಬರಲು ಶುರುವಾಯಿತು. ಅವಸರಿಸಿದ ಅಜಿತ್‌ನ ಎರಡು ಗುಂಡುಗಳನ್ನು ಗಾಳಿ ಬಲಕ್ಕೆ ತಳ್ಳಿತು. ಪ್ರೇಮಕುಮಾರಿ ಗಾಳಿ ಬಂದಾಗಲೆಲ್ಲ ಕೋವಿ ಇಳಿಸಿದಳು, ನಿಂತಾಗ ಎತ್ತಿದಳು. ಹತ್ತನೆಯ ಗುಂಡು ಹೋದ ಮೇಲೆ ನಾನು ಕಾರ್ಡುಗಳನ್ನು ತರಿಸಿದೆ.

ಅಜಿತ್‌ಗೆ ತೊಂಬತ್ತೆರಡು. ಪ್ರೇಮಕುಮಾರಿಗೆ ತೊಂಬತ್ತೆಂಟು. ಕೂಡಿಸಿದೆ, ಮತ್ತೊಮ್ಮೆ ಕೂಡಿಸಿದೆ. ಇಬ್ಬರದೂ ನೂರ ಎಂಬತ್ತೇಳು. ಮೊದಲ ಮೂರು ಜಾಗಗಳಿಗೆ ಬೇರೆಯವರು ಆಗಲೇ ಆಯ್ಕೆಯಾಗಿದ್ದರು. ನಾಲ್ಕನೆಯ ಜಾಗಕ್ಕೆ ಸಮ.

ಹೀಗಾದಾಗ ನಮ್ಮಲ್ಲಿ ಒಂದು ಪದ್ಧತಿಯಿದೆ. ಸಿಪ್ಪೆ ಸುಲಿದ ಒಣ ಅಡಿಕೆಯನ್ನು ಹಲಗೆಯ ಮೇಲೆ ಹಸಿ ಜೇಡಿಮಣ್ಣಿನ ಉಂಡೆಯಲ್ಲಿ ಕೂರಿಸುತ್ತಾರೆ. ಒಬ್ಬೊಬ್ಬರಿಗೆ ಮೂರು ಅಡಿಕೆ, ಒಂದಕ್ಕೆ ಒಂದೇ ಗುಂಡು. ಅಡಿಕೆಗೆ ಗುಂಡು ತಾಗಿದರೆ ಆಯಿತು. ಮೂರೂ ಮುಗಿದ ಮೇಲೆಯೂ ಸಮವಾದರೆ ಮೊದಲ ಕಾರ್ಡಿನಲ್ಲಿ ಯಾರು ಮುಂದೋ ಅವರಿಗೆ ಜಾಗ. ಮೊದಲ ಕಾರ್ಡಿನಲ್ಲಿ ಅಜಿತ್ ಮುಂದಿದ್ದ. ಆದ್ದರಿಂದ ಲೆಕ್ಕ ಸ್ಪಷ್ಟವಾಗಿತ್ತು: ಪ್ರೇಮಕುಮಾರಿ ಮೂರನ್ನೂ ಹೊಡೆದರೆ ಸಾಲದು, ಅಜಿತ್ ಒಂದನ್ನಾದರೂ ತಪ್ಪಬೇಕು. ಕೊಬ್ಬರಿ ಎಣ್ಣೆಯ ಸಾಲ ಅವಳ ತಲೆಯ ಮೇಲೆ ಹಾಗೇ ಇತ್ತು.

ಗುರಿಯ ಹಲಗೆ ನೋಡಿಕೊಳ್ಳುವ ಭೂತಯ್ಯ ಅಡಿಕೆ ತರುವುದನ್ನು ಮರೆತಿದ್ದ. ಪ್ರೇಮಕುಮಾರಿಯೇ ಪಿಕಪ್ಪಿನ ಚೀಲದಿಂದ ಆರು ಅಡಿಕೆ ತೆಗೆದು ಎಣಿಸಿ ಕೊಟ್ಟಳು. "ಒಡೆಯದೆ ಉಳಿದದ್ದು ವಾಪಸು ಬರಬೇಕು ಭೂತಯ್ಯ."

"ಆತು ಕಣಮ್ಮ. ಒಡೆದ ಚೂರೂ ಬೇಕನಾ?"

ಎಲ್ಲರೂ ನಕ್ಕರು. ಅವಳು ಮಾತ್ರ ಒಂದು ಕ್ಷಣ ಅದನ್ನೂ ಯೋಚಿಸಿದಂತೆ ಕಂಡಿತು.

ಮೊದಲ ಸುತ್ತು. ಅವಳ ಅಡಿಕೆ ಪುಡಿಯಾಗಿ ಹಾರಿತು. ಅಜಿತ್‌ನದೂ ಹಾರಿತು. ಎರಡನೆಯ ಸುತ್ತು. ಅವಳದು ಎರಡು ಹೋಳಾಗಿ ಬಿತ್ತು. ಅಜಿತ್ ನಿಧಾನವಾಗಿ ಹೊಡೆದ, ಜೇಡಿಮಣ್ಣಿನ ಸಮೇತ ಅಡಿಕೆ ಮಾಯವಾಯಿತು. ಐವತ್ತು ಮೀಟರ್ ದೂರದಲ್ಲಿ ಒಂದು ಅಡಿಕೆ ಎಂದರೆ ಕಣ್ಣಿಗೆ ಒಂದು ಕಲೆ, ಅಷ್ಟೇ. ಅದನ್ನು ಇಬ್ಬರೂ ಬಿಡದೆ ಒಡೆಯುತ್ತಿದ್ದರು. ಟೀ ಮಾಡುವವನು ಸ್ಟೌ ಆರಿಸಿ ಬಂದು ನಿಂತ. ಸುಬ್ಬಯ್ಯನವರು ಕೂತಿದ್ದ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು.

ಮೂರನೆಯ ಸುತ್ತು. ಬಿದಿರಿನ ಗಳಕ್ಕೆ ಕಟ್ಟಿದ್ದ ಕೆಂಪು ಬಟ್ಟೆ ಪಟಪಟ ಹೊಡೆದುಕೊಂಡಿತು. ಪ್ರೇಮಕುಮಾರಿ ಕೋವಿ ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು, ಇಳಿಸಿದಳು. ಬಟ್ಟೆ ಜೋತುಬಿದ್ದ ಗಳಿಗೆಯಲ್ಲಿ ಹೊಡೆದಳು. ಅಡಿಕೆ ಇರಲಿಲ್ಲ.

ಈಗ ಅಜಿತ್. ಅವನೂ ಕಾದ. ಹೊಡೆದ.

ಅಡಿಕೆ ಅಲ್ಲೇ ಕೂತಿತ್ತು.

ದುರ್ಬೀನಿನಲ್ಲಿ ನೋಡಿದೆ. ಇಡಿಯಾಗಿತ್ತು, ಕದಲಿರಲಿಲ್ಲ. ಎಲ್ಲರೂ ಕೋವಿ ಖಾಲಿ ಮಾಡಿ ಕೆಳಗಿಟ್ಟ ಮೇಲೆ ಭೂತಯ್ಯ ಹಲಗೆಯ ಹತ್ತಿರ ಹೋಗಿ, ಎದುರಿನಿಂದ ಬಗ್ಗಿ ನೋಡಿ, ತಪ್ಪಿತೆಂದು ಬಿಳಿ ಬಟ್ಟೆ ಎತ್ತಿದ. ನಾನು ಕೂಗಿ ಹೇಳಿದೆ: "ಪ್ರೇಮಕುಮಾರಿ, ಮೂರು. ಅಜಿತ್, ಎರಡು."

ಕ್ವಾರಿಯ ಗೋಡೆಗಳಿಂದ ಕೂಗು ಮಾರ್ದನಿಸಿತು. ರವಿ ಪಿಕಪ್ಪಿನ ಹಾರ್ನ್ ಒತ್ತಿ ಹಿಡಿದ. ಇನ್ನೊಂದು ಕೈಯಲ್ಲಿ ಫೋನು. "ಸೆಲೆಕ್ಟ್ ಆತು ಕಣ್ರೋ, ನಮ್ಮ ಪ್ರೇಮಕ್ಕ ಸೆಲೆಕ್ಟ್!" ಕಳಸದ ಪೇಟೆಗೆಲ್ಲ ಸುದ್ದಿ ಹೋಗುತ್ತಿತ್ತು. ಸುಬ್ಬಯ್ಯನವರು ಕುರ್ಚಿಯಿಂದ ಇಳಿದರು. ಅಜಿತ್ ಎದ್ದು, ಮೊಣಕೈಯ ಮಣ್ಣು ಕೊಡವಿಕೊಂಡು ಬಂದು, "ಪ್ರೇಮಕ್ಕ, ಆ ಕೋವಿ ಒಂದ್ಸಲ ಕೊಡಿ, ನೋಡಣ" ಎಂದ.

"ಅಲ್ಲಿಂದಲೇ ನೋಡು," ಎಂದಳು ಪ್ರೇಮಕುಮಾರಿ. ಮುಖ ತುಂಬ ನಗು. ಅಂಥ ನಗುವನ್ನು ಅವಳ ಮುಖದಲ್ಲಿ ನಾನು ಅದಕ್ಕೆ ಮೊದಲು ಕಂಡದ್ದು ಪ್ರಸಾದನ ಅಂಗಡಿಯಲ್ಲಿ, ಅದೂ ಅವನು ಆಚೆ ತಿರುಗಿದ್ದಾಗ. ಆಮೇಲೆ ಅವಳು ಹಲಗೆಯ ಕಡೆ ಹೊರಟಳು.

"ಎಲ್ಲಿಗೆ ಅಕ್ಕಾ?"

"ಒಂದು ಅಡಿಕೆ ಉಳಿದಿದೆ ಅಲ್ವಾ?"

"ಗೆದ್ರೂ ಅಡಿಕೆ ಬಿಡಲ್ಲ ನೋಡಿ ಈ ಹೆಂಗಸು!" ಎಂದರು ಸುಬ್ಬಯ್ಯನವರು. ಈ ಸಲ ಅವರೂ ನಗುತ್ತಿದ್ದರು.

ಅವಳು ಹೋಗಿ ಜೇಡಿಮಣ್ಣಿನಿಂದ ಅಡಿಕೆ ಕಿತ್ತು, ಕೋಟಿನ ತುದಿಯಿಂದ ಒರೆಸುತ್ತ ವಾಪಸು ಬರುತ್ತಿದ್ದುದನ್ನು ಕಂಡೆ. ಅರ್ಧ ದಾರಿಯಲ್ಲಿ ಒರೆಸುವುದು ನಿಂತಿತು. ಅವಳೂ ನಿಂತಳು. ರವಿ ಏನೋ ಕೂಗಿದ, ಅವಳು ತಲೆಯೆತ್ತಲಿಲ್ಲ. ಆಮೇಲೆ ಮೊದಲಿಗಿಂತ ನಿಧಾನವಾಗಿ ನಡೆದು ನನ್ನ ಮೇಜಿನ ಹತ್ತಿರ ಬಂದಳು. ನಾನು ರಾಜ್ಯದ ಪಂದ್ಯಕ್ಕೆ ಹೋಗುವವರ ಹಾಳೆಯಲ್ಲಿ ನಾಲ್ಕನೆಯ ಹೆಸರು ಬರೆಯುತ್ತಿದ್ದೆ. ದುರ್ಬೀನಿಗಾಗಿ ತೆಗೆದಿಟ್ಟ ಕನ್ನಡಕ ಇನ್ನೂ ಪಕ್ಕದಲ್ಲೇ ಇತ್ತು.

ಅವಳು ಅಡಿಕೆಯನ್ನು ಹಾಳೆಯ ಮೇಲೆ ಇಟ್ಟಳು. ಅದು ಉರುಳಿ, ನನ್ನ ಪೆನ್ನಿಗೆ ತಾಗಿ ನಿಂತಿತು. ನೋಡಿದೆ. ಕಂದು ಬಣ್ಣದ, ಇಡಿಯಾದ, ಏನೂ ಆಗದ ಅಡಿಕೆ.

"ಸರಿ, ತಗೊಂಡು ಹೋಗು. ನಿನ್ನದೇ ಅಲ್ಲವಾ," ಎಂದೆ. 'ಪ್ರೇಮ' ಎಂದು ಬರೆದಾಗಿತ್ತು, 'ಕು' ಬರೆಯುತ್ತಿದ್ದೆ.

ಅವಳು ಅಡಿಕೆ ಎತ್ತಿಕೊಳ್ಳಲಿಲ್ಲ. ಹಿಂದೆ ರವಿಯ ಹಾರ್ನ್ ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು. ಅವಳು ಒಂದು ಬೆರಳು ಚಾಚಿ ಅಡಿಕೆಯನ್ನು ಅರ್ಧ ಸುತ್ತು ತಿರುಗಿಸಿದಳು. ಅದರ ಭುಜದ ಮೇಲೆ, ಅಕ್ಕಿಕಾಳಿನಷ್ಟು ಉದ್ದಕ್ಕೆ, ಸೀಸದ ಬೂದುಬಣ್ಣದ ಒಂದು ಗೀರಿತ್ತು.

"ಕನ್ನಡಕ ಹಾಕ್ಕೊಳ್ಳಿ ಮೇಡಂ," ಎಂದಳು. ಜೇಬಿನಿಂದ ಭೂತಗನ್ನಡಿ ತೆಗೆದು ನನ್ನ ಮುಂದಿಟ್ಟಳು.